ಕರಿಯೆಣ್ಣೆಗೆ ಒಂದು ಗತಿ

ದಂಡಿನಶಿವರ ಹೋಬಳಿಯ ಊರುಗಳಲ್ಲಿ ತಮ್ಮ ಟಿಲ್ಲರು, ಟ್ರ್ಯಾಕ್ಟರು, ಬೈಕು, ಕಾರುಗಳ ಆಯಿಲನ್ನು ಮನೆಯಂಗಳದಲ್ಲಿ ತಾವೇ ಬದಲಿಸಿಕೊಳ್ಳುವ ತರುಣ ಮಿತ್ರರಿಗೆ,

ನಿಮ್ಮಲ್ಲಿ ಬಹುಮಂದಿಯನ್ನು ನಾನು ಮುಖತಃ ಬಲ್ಲೆನು. ನಿಮ್ಮ ತಂದೆಯವರೊಡನೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಕುಳಿತು ಧಾರಣೆಯ ಏರಿಳಿತವನ್ನು ಕುರಿತು ನಿಟ್ಟುಸಿರು ಬಿಟ್ಟವನು ನಾನು. ಆದಕಾರಣ ಈ ಮಾತುಗಳನ್ನು ಮನೆಮನೆಗೂ ಬಂದು ಆಡಬಹುದಾಗಿದ್ದಿತು. ಆದರೆ ಒಬ್ಬೊಬ್ಬರ ಅಂಗಳದಲ್ಲಿ ನಿಂತು ಹೇಳಿದರೆ ಅದು ಆ ಮನೆಯವರ ಮೇಲಣ ದೂರಾಗಿ ಕೇಳಿಸೀತು; ಹೇಳಬೇಕಾದುದಾದರೋ ನಮ್ಮೆಲ್ಲರ ತೋಟ, ಬಾವಿ, ಕಣಗಳಿಗೆ ಸಂಬಂಧಿಸಿದ ಸಾಮಾನ್ಯ ವಿಚಾರ. ಅದಕ್ಕಾಗಿ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಪ್ರಶಂಸೆಯನ್ನು ಸಲ್ಲಿಸಿಬಿಡುತ್ತೇನೆ. ಭಾನುವಾರದ ಬೆಳಗ್ಗೆ ಹಿತ್ತಿಲಿನ ನೆರಳಿನಲ್ಲಿ ಹಳೆಯ ಗೋಣಿಚೀಲವನ್ನು ಹಾಸಿಕೊಂಡು, ಸ್ಪ್ಯಾನರು ಹಿಡಿದು ಚೇಂಬರಿನ ಬೋಲ್ಟನ್ನು ಸಡಿಲಿಸಿ, ಕಪ್ಪಗೆ ಹೊಳೆಯುತ್ತ ಇಳಿಯುವ ಎಣ್ಣೆಯನ್ನು ತಗಡಿನ ಬೋಗುಣಿಗೆ ಹಿಡಿಯುತ್ತಿರುವ ನಿಮ್ಮನ್ನು ಕಂಡು, ‘ಗ್ಯಾರೇಜಿನವನಿಗೆ ನಾಲ್ಕು ಕಾಸು ಕೊಟ್ಟರೆ ಆಗಿಹೋಗುವ ಕೆಲಸಕ್ಕೆ ಮೈಕೈಯೆಲ್ಲ ಮಸಿ ಮಾಡಿಕೊಳ್ಳುತ್ತಾರಲ್ಲ’ ಎಂದು ಹಿರಿಯರು ಕೆಲವರು ಗೊಣಗುವುದುಂಟು. ನಾನು ಆ ಪಕ್ಷದವನಲ್ಲ. ತನ್ನ ಜೀವನೋಪಾಯಕ್ಕೆ ಆಧಾರವಾದ ಯಂತ್ರದ ಒಡಲಿನಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಸ್ವತಃ ಕಣ್ಣಿಟ್ಟು ನೋಡಿ, ಕೈಯಿಟ್ಟು ಮುಟ್ಟಿ ತಿಳಿದುಕೊಳ್ಳಬೇಕೆಂಬ ಹಂಬಲವು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಗಾಡಿಯ ಚಕ್ರವನ್ನು ಕಳಚಿ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಹಾಕದೆ ನಮ್ಮ ಅಜ್ಜಂದಿರು ಸಂತೆಗೆ ಹೊರಡುತ್ತಿರಲಿಲ್ಲ. ವಿದ್ಯುತ್ತಿನ ಕಂಬಗಳು ತೋಟಗಳೊಳಕ್ಕೆ ಬರುವ ಮುನ್ನ ಬಾವಿಯ ದಡದಲ್ಲಿ ದುಡುದುಡು ಸದ್ದು ಮಾಡುತ್ತಿದ್ದ ಡೀಸೆಲ್ ಎಂಜಿನ್ನಿಗೆ ಕಾಲಕಾಲಕ್ಕೆ ಎಣ್ಣೆ ಬದಲಿಸುತ್ತಿದ್ದವರು ನಮ್ಮ ತಂದೆಯವರೇ ಹೊರತು ಪೇಟೆಯ ಮೇಸ್ತ್ರಿಗಳಲ್ಲ.

ಆ ಹರಳೆಣ್ಣೆಯ ವಿಚಾರದಲ್ಲಿ ಒಂದು ಮಾತು. ಪಂದ್ಯದ ಕಾರುಗಳ ಚಿತ್ರಗಳನ್ನು ಮೊಬೈಲಿನಲ್ಲಿ ಕಣ್ಣರಳಿಸಿ ನೋಡುವ ನಿಮ್ಮಲ್ಲಿ ಕೆಲವರಿಗೆ ಇದು ವಿನೋದವಾಗಿ ತೋರಬಹುದು. ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತನು 1899ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಎಣ್ಣೆಯ ಕಂಪೆನಿಯು 1909ರಲ್ಲಿ ಮೋಟಾರು ಮತ್ತು ವಿಮಾನಗಳಿಗಾಗಿ ಹೊಸದೊಂದು ತೈಲವನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಬೆರೆಸಿದ್ದುದು ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಇದೇ ಹರಳಿನ ಎಣ್ಣೆಯನ್ನು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದುದೂ ಅದರಿಂದಲೇ. ಮೊದಲನೆಯ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನ್ನುಗಳು ಹರಳೆಣ್ಣೆಯನ್ನೇ ಕುಡಿದು ಹಾರಿದವು. ವಿಪರೀತವಾದ ತಾಪದಲ್ಲಿಯೂ ಲೋಹವನ್ನು ಬಿಡದೆ ಅಂಟಿಕೊಂಡಿರುವುದು ಅದರ ಗುಣ. ಕಾಲಕ್ರಮದಲ್ಲಿ ಗೋಂದಿನಂತೆ ಗಟ್ಟಿಯಾಗಿ ಒಳಗನ್ನೆಲ್ಲ ಮೆತ್ತಿಬಿಡುವುದು ಅದರ ದೋಷ. ಅಂತೂ ಅಜ್ಜನ ಗಾಡಿಗೂ ಯೂರೋಪಿನ ಪಂದ್ಯದ ಕಾರಿಗೂ ಒಂದು ಕಾಲದಲ್ಲಿ ಒಂದೇ ಎಣ್ಣೆ ಸಲ್ಲುತ್ತಿದ್ದಿತು.

ನಡುವೆ ಒಂದು ತಲೆಮಾರಿನಲ್ಲಿ ಈ ಅಭ್ಯಾಸವು ತಪ್ಪಿಹೋಯಿತು. ಅದಕ್ಕೆ ಸೋಮಾರಿತನವೇ ಕಾರಣವೆನ್ನಲಾಗದು, ಯಂತ್ರವೇ ಅಂಥದಾಗಿದ್ದಿತು. ಎಳನೀರು ಗೊನೆಗಳನ್ನೂ ಹಾಲಿನ ಕ್ಯಾನುಗಳನ್ನೂ ಹುಲ್ಲಿನ ಹೊರೆಗಳನ್ನೂ ಹೊತ್ತು ಓಡಾಡಿದ ಎಕ್ಸೆಲ್ ಗಾಡಿಯು ಬಹುಕಾಲ ಟೂ-ಸ್ಟ್ರೋಕ್ ಆಗಿದ್ದು, ಪೆಟ್ರೋಲಿನೊಡನೆ ಅಳತೆಯಾಗಿ ಬೆರೆಸಿದ ಆಯಿಲು ಎಂಜಿನ್ನಿನಲ್ಲಿ ಉರಿದು ಹೊಗೆಯಾಗಿ ಹೋಗುತ್ತಿದ್ದುದರಿಂದ ಇಳಿಸಿ ತುಂಬುವ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. 2015ರಲ್ಲಿ ಟಿವಿಎಸ್ ಸಂಸ್ಥೆಯು ಎಕ್ಸೆಲ್ 100 ಎಂಬ ಫೋರ್-ಸ್ಟ್ರೋಕ್ ಗಾಡಿಯನ್ನು ತಂದಿತು. ಗಾಡಿಯ ಆಕಾರ ಹೆಚ್ಚುಕಡಮೆ ಹಳೆಯದೇ, ಹೊರೆಯೂ ಹಳೆಯದೇ, ಆದರೆ ಒಳಗಿನ ಧರ್ಮ ಬೇರೆ. ಆಯಿಲನ್ನು ಬದಲಿಸಬೇಕೆಂಬ ಅರಿವೇ ಇಲ್ಲದ ಹಳಬರು ಹೊಸ ಗಾಡಿಯನ್ನು ಹಳೆಯ ನಂಬಿಕೆಯಿಂದಲೇ ಓಡಿಸಿ, ಕೊನೆಗೆ ಪಿಸ್ಟನ್ನು ಹಿಡಿದುಕೊಂಡು ನಡುದಾರಿಯಲ್ಲಿ ನಿಂತುದನ್ನು ಕಿಬ್ಬನಹಳ್ಳಿ ಕ್ರಾಸಿನ ಹಾದಿಯಲ್ಲಿ ನಾನು ಹಲವು ಬಾರಿ ಕಂಡಿದ್ದೇನೆ. ಅಂಥವರಿಗೆ ತಿಳಿಯಹೇಳಿ, ಅವರ ಗಾಡಿಯ ಆಯಿಲನ್ನೂ ಬದಲಿಸಿಕೊಟ್ಟವರು ನೀವೇ. ಈ ಉಪಕಾರವನ್ನು ನಾನು ಅಲ್ಪವೆಂದು ಎಣಿಸಿಲ್ಲ.

ಟಿಲ್ಲರಿನ ಕಥೆ ಇನ್ನೂ ಮುಖ್ಯವಾದುದು. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪಿತವಾಗಿ ಜಪಾನಿನ ಮಿತ್ಸುಬಿಷಿಯ ಸಹಕಾರದಿಂದ ಪವರ್ ಟಿಲ್ಲರುಗಳನ್ನು ತಯಾರಿಸಲಾರಂಭಿಸಿದ ವಿಎಸ್‌ಟಿ ಸಂಸ್ಥೆಯ ಯಂತ್ರಗಳು ಮೂಲತಃ ಗದ್ದೆಗಳಿಗಾಗಿ ಕಲ್ಪಿತವಾದುವಾದರೂ, ಟ್ರ್ಯಾಕ್ಟರು ತಿರುಗಲಾರದ ತೆಂಗಿನ ಸಾಲುಗಳ ನಡುವೆ ಅವು ನಮ್ಮ ತೋಟಗಳಿಗೇ ಹುಟ್ಟಿಬಂದುವೇನೋ ಎಂಬಂತೆ ಹೊಂದಿಕೊಂಡುವು. ಕಾರಿನ ಆಯುಷ್ಯವನ್ನು ಕಿಲೋಮೀಟರುಗಳಲ್ಲಿ ಲೆಕ್ಕ ಹಾಕುವಂತೆ ಟಿಲ್ಲರಿನದನ್ನು ದುಡಿದ ಗಂಟೆಗಳಲ್ಲಿ ಲೆಕ್ಕ ಹಾಕಬೇಕು. ಆಯಿಲಿನ ಗಡುವನ್ನೂ ಕೈಪಿಡಿಯು ಗಂಟೆಗಳಲ್ಲಿಯೇ ಹೇಳಿರುತ್ತದೆ. ನಿಮ್ಮಲ್ಲೊಬ್ಬರು ಟಿಲ್ಲರಿನ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಸೀಮೆಸುಣ್ಣದಿಂದ ಗೆರೆಗಳನ್ನೆಳೆದು ಗಂಟೆಗಳ ಲೆಕ್ಕವಿಡುತ್ತಿರುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಮಾಗಿಯ ಉಳುಮೆಯಲ್ಲಿ ಮೊಣಕಾಲೆತ್ತರಕ್ಕೆ ಏಳುವ ಕೆಮ್ಮಣ್ಣಿನ ಧೂಳು ಎಂಜಿನ್ನಿಗೆ ಪರಮಶತ್ರು. ಉಸಿರಿನ ದಾರಿಯಲ್ಲಿ ಅದನ್ನು ತಡೆಯಲು ಏರ್ ಕ್ಲೀನರಿನ ತಳದಲ್ಲೊಂದು ಎಣ್ಣೆಯ ಬಟ್ಟಲಿರುವುದುಂಟು. ಚೇಂಬರಿನ ಆಯಿಲನ್ನು ಶ್ರದ್ಧೆಯಿಂದ ಬದಲಿಸುವವರೂ ಈ ಬಟ್ಟಲನ್ನು ಮರೆಯುತ್ತಾರೆ. ಅದರ ತಳದಲ್ಲಿ ರಾಗಿಯಂಬಲಿಯಷ್ಟು ಮಂದವಾಗಿ ಕೆಸರು ಕೂತ ಮೇಲೆ ಚೇಂಬರಿಗೆ ಎಷ್ಟು ಒಳ್ಳೆಯ ಆಯಿಲು ಹಾಕಿ ಪ್ರಯೋಜನವೇನು?

ಆಯಿಲಿನ ವಿಷಯದಲ್ಲಿ ನಮ್ಮಲ್ಲಿ ಪ್ರಚಲಿತವಾಗಿರುವ ಕೆಲವು ತಪ್ಪು ತಿಳಿವಳಿಕೆಗಳನ್ನು ಇಲ್ಲಿಯೇ ತೊಡೆಯುವುದು ಉಚಿತ. ಕಪ್ಪಾದೊಡನೆ ಎಣ್ಣೆ ಕೆಟ್ಟಿತೆಂದು ಭಾವಿಸುವುದು ಅವುಗಳಲ್ಲಿ ಮೊದಲನೆಯದು. ಡೀಸೆಲ್ ಎಂಜಿನ್ನಿಗೆ ಹೊಸ ಆಯಿಲು ಹಾಕಿ ಕೆಲವೇ ಗಂಟೆ ನಡೆಸಿದರೂ ಅದು ಕಪ್ಪಾಗುತ್ತದೆ. ಉರಿಯಿಂದ ಹುಟ್ಟಿದ ಮಸಿಯನ್ನು ಲೋಹದ ಮೈಯಿಂದ ತೊಳೆದು, ಎಲ್ಲಿಯೂ ಗಸಿಯಾಗಿ ನಿಲ್ಲಗೊಡದೆ ತನ್ನಲ್ಲೇ ತೇಲಿಸಿಟ್ಟುಕೊಳ್ಳುವುದು ಅದರಲ್ಲಿ ಬೆರೆಸಿರುವ ಶೋಧಕ ದ್ರವ್ಯಗಳ ಕರ್ತವ್ಯವಾಗಿರುವುದರಿಂದ, ಕಪ್ಪಾಗದ ಎಣ್ಣೆಯನ್ನೇ ಸಂದೇಹದಿಂದ ನೋಡಬೇಕಾದುದು ನ್ಯಾಯ. ಭಯಪಡಬೇಕಾದುದು ಬಿಳುಪನ್ನು ಕಂಡು: ಗೇಜ್ ಕಡ್ಡಿಯ ತುದಿಯಲ್ಲಿ ಹಾಲು ಬೆರೆತಂಥ ನೊರೆ ಕಂಡಿತೆಂದರೆ ನೀರು ಒಳಹೊಕ್ಕಿತೆಂದೇ ಅರ್ಥ, ಆಗ ಕೈಪಿಡಿಯನ್ನು ಮುಚ್ಚಿಟ್ಟು ಬಲ್ಲ ಮೇಸ್ತ್ರಿಯನ್ನು ಕರೆಸುವುದೇ ವಿವೇಕ. ಎಣ್ಣೆಯನ್ನು ಹಳತು ಮಾಡುವುದು ಬಣ್ಣವಲ್ಲ. ತಾಪದಿಂದ ಅದರ ಸಾರ ಕುಂದುತ್ತದೆ, ಸವೆತವನ್ನು ತಡೆಯುವ ಸತುವಿನ ಸಂಯುಕ್ತಗಳು ತೀರುತ್ತ ಬರುತ್ತವೆ, ಉರಿಯದುಳಿದ ಇಂಧನ ಬೆರೆತು ಅದು ತೆಳುವಾಗುತ್ತದೆ, ಉಜ್ಜಿದ ಲೋಹಗಳ ಅತಿಸೂಕ್ಷ್ಮ ಕಣಗಳು ಸೇರಿಕೊಳ್ಳುತ್ತವೆ.

ಎರಡನೆಯದು ಡಬ್ಬಿಯ ಮೇಲಿನ ಅಂಕೆಗಳು. 15ಡಬ್ಲ್ಯು-40, 10ಡಬ್ಲ್ಯು-30 ಎಂಬುವನ್ನು ಲಾಟರಿಯ ಸಂಖ್ಯೆಗಳಂತೆ ಓದಿ, ದೊಡ್ಡ ಅಂಕೆಯೇ ಉತ್ತಮವೆಂದು ಕೊಳ್ಳುವವರಿದ್ದಾರೆ. ಇದನ್ನು ತಿಳಿಯಲು ತೆಂಗಿನ ಸೀಮೆಯವರಾದ ನಮಗಿಂತ ಅನುಕೂಲಸ್ಥರು ಯಾರು? ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಮಾಘದ ಮುಂಜಾನೆ ಸೀಸೆಯನ್ನು ಬೋರಲು ಹಾಕಿದರೂ ಒಂದು ತೊಟ್ಟು ಬೀಳದೆ, ಒಲೆಯ ಬಳಿ ಇಟ್ಟ ಮೇಲೆ ನೀರಿನಂತೆ ಹರಿಯುವುದನ್ನು ನಮ್ಮ ಮಕ್ಕಳೂ ಕಂಡಿವೆ. ಎಂಜಿನ್ನಿನ ಎಣ್ಣೆಯಾದರೋ ತಣ್ಣಗಿರುವಾಗ ಹೆಪ್ಪುಗಟ್ಟದೆ ಒಡನೆಯೇ ಮೇಲಕ್ಕೆ ಹರಿಯಬೇಕು, ಕಾದಾಗ ನೀರಾಗದೆ ಲೋಹಗಳ ನಡುವೆ ಪೊರೆಯಾಗಿ ನಿಲ್ಲಬೇಕು. ಡಬ್ಲ್ಯು ಅಕ್ಷರದ ಹಿಂದಿನ ಅಂಕೆ ಚಳಿಯಲ್ಲಿನ ಹರಿವನ್ನೂ, ಮುಂದಿನದು 100 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿನ ಸ್ನಿಗ್ಧತೆಯನ್ನೂ ಸೂಚಿಸುತ್ತವೆ. ನಮ್ಮ ಎಂಜಿನ್ನಿನ ಸಂದುಗಳಿಗೆ ಯಾವುದು ಸಲ್ಲುತ್ತದೆಂಬುದನ್ನು ಅದನ್ನು ನಿರ್ಮಿಸಿದವರು ಕೈಪಿಡಿಯಲ್ಲಿ ಬರೆದಿರುತ್ತಾರೆ. ಅದರಂತೆಯೇ ಬೈಕಿಗೆ ಕಾರಿನ ಆಯಿಲನ್ನು ಹಾಕಲಾಗದು. ಬಹುಪಾಲು ಬೈಕುಗಳಲ್ಲಿ ಕ್ಲಚ್ಚಿನ ತಟ್ಟೆಗಳೂ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ, ಘರ್ಷಣೆಯನ್ನು ತಗ್ಗಿಸಲೆಂದು ಕಾರಿನ ಆಯಿಲಿಗೆ ಬೆರೆಸಿದ ದ್ರವ್ಯಗಳು ಅಲ್ಲಿ ಕ್ಲಚ್ಚನ್ನೇ ಜಾರಿಸಿಬಿಡುತ್ತವೆ. ಡಬ್ಬಿಯ ಮೇಲೆ ಜಾಸೋ ಎಂಎ ಎಂಬ ಗುರುತನ್ನು ನೋಡಿಕೊಳ್ಳಿರಿ.

ಇನ್ನು ಕಳೆದ ಜಾತ್ರೆಯ ಸಮಯದಲ್ಲಿ ನಿಮ್ಮಲ್ಲಿ ಅನೇಕರು ಸುತ್ತುಗಟ್ಟಿ ನಿಂತು ನೋಡಿದ ಪ್ರಸಂಗಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮೂರಿನ ತರುಣನೊಬ್ಬನು, ಯಾರೋ ಬಳಸಿ ಮಾರಿದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು, ನಮ್ಮ ರಸ್ತೆಯ ಹಂಪುಗಳನ್ನೆಲ್ಲ ಓರೆಯಾಗಿ ಹತ್ತಿಸಿ ಇಳಿಸುತ್ತ ಅಜ್ಜನ ಮನೆಗೆ ತಂದನಷ್ಟೆ. ಮಾರನೆಯ ದಿನ ಆ ಮನೆಯ ಕಣದಲ್ಲಿ ಅವನು ಆಯಿಲು ಬದಲಿಸಲು ತೊಡಗಿದಾಗ, ‘ಲಕ್ಷಾಂತರ ರೂಪಾಯಿಯ ಕಾರಿಗೆ ಈ ಗತಿಯೇ’ ಎಂದು ನಗೆಯಾಡಿದವರಿಗೆ ನಗೆ ಬಹಳ ಹೊತ್ತು ಉಳಿಯಲಿಲ್ಲ. ನೆಲದಿಂದ ಗೇಣಿನಷ್ಟೂ ಎತ್ತರವಿರದ ಆ ಕಾರಿನಡಿಗೆ ನಮ್ಮ ಜಾಕು ನುಗ್ಗಲಿಲ್ಲ. ತೋಟದಲ್ಲಿ ಬಿದ್ದಿದ್ದ ತೆಂಗಿನ ಮರದ ತುಂಡನ್ನು ಅಡ್ಡವಿಡೋಣವೆಂದು ಯಾರೋ ಸೂಚಿಸಿದರು. ಉರುಳುವ ದಿಮ್ಮಿಯ ಮೇಲೆ ನಿಂತ ಕಾರಿನಡಿಗೆ ಮನುಷ್ಯನು ತೂರುವುದು ಮೃತ್ಯುವಿನ ಬಾಯಿಗೆ ತಲೆ ಕೊಟ್ಟಂತೆಯೇ ಸರಿ ಎಂದು ಅವನು ಅದಕ್ಕೆ ಸಮ್ಮತಿಸದೆ, ಅಗಲವಾದ ಹಲಗೆಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿ ಮುಂದಿನ ಹಿಂದಿನ ನಾಲ್ಕು ಚಕ್ರಗಳನ್ನೂ ಸಮನಾಗಿ ಹತ್ತಿಸಿ, ಗಾಲಿಗಳಿಗೆ ಒತ್ತು ಕೊಟ್ಟು, ಅನಂತರವೇ ಕೆಳಕ್ಕೆ ಸರಿದನು. ಹೊಟ್ಟೆಯ ಅಡಿಗೆ ಗಾಳಿ ಸರಾಗವಾಗಿ ಹರಿಯಲೆಂದು ಬಿಗಿದಿರುವ ಪ್ಲಾಸ್ಟಿಕ್ ತಟ್ಟೆಯನ್ನು ಬಿಚ್ಚಿ, ಅದರ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲಿಯೇ ತೆಂಗಿನ ಕರಟಗಳಲ್ಲಿ ವಿಂಗಡಿಸಿಟ್ಟುದನ್ನು ನೀವು ಕಂಡಿರಿ. ಎಂಜಿನ್ನನ್ನು ಮೊದಲು ಬೆಚ್ಚಗೆ ಮಾಡಿ, ಸುಡದಷ್ಟು ಆರಿದ ಮೇಲೆ ಬೋಲ್ಟನ್ನು ಕಳಚಿದನು. ಬೆಚ್ಚಗಿನ ಎಣ್ಣೆ ತನ್ನೊಡನೆ ಗಸಿಯನ್ನೂ ಕೊಚ್ಚಿಕೊಂಡು ಇಳಿಯುತ್ತದೆ. ಬೋಲ್ಟಿನಡಿಯ ತಾಮ್ರದ ವಾಷರನ್ನು ಎಸೆದು ಹೊಸತು ಹಾಕಿದನು. ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಎಣ್ಣೆಯನ್ನು ಬೆರಳಿನಿಂದ ಸವರಿದನು. ಅಲ್ಯೂಮಿನಿಯಮ್ಮಿನ ಚೇಂಬರಾದ್ದರಿಂದ ಬೋಲ್ಟನ್ನು ಭೀಮಬಲದಿಂದ ತಿರುಚದೆ, ಇಂತಿಷ್ಟೇ ಬಲಕ್ಕೆ ಟಕ್ಕೆಂದು ಸದ್ದು ಮಾಡುವ ಟಾರ್ಕ್ ಸ್ಪ್ಯಾನರಿನಿಂದ ಬಿಗಿದನು. ಟಿಲ್ಲರಿನ ಬೋಲ್ಟಿನ ಮೇಲೆ ಎರಡು ಕಾಲನ್ನೂ ಊರಿ ಬಿಗಿಯುವ ನಮ್ಮ ಪದ್ಧತಿಯಿಂದ ಎಷ್ಟು ಚೇಂಬರುಗಳ ಮರೆ ಸವೆದಿದೆಯೆಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಅಂಥ ಕಾರುಗಳ ರಚನೆಯಲ್ಲಿ ನಮಗೆ ಪರಿಚಯವಿಲ್ಲದ ಒಂದೆರಡು ವಿಶೇಷಗಳುಂಟು, ಆಸಕ್ತಿಯುಳ್ಳವರಿಗಾಗಿ ಹೇಳುತ್ತೇನೆ. ತಿರುವಿನಲ್ಲಿ ಅತಿವೇಗದಿಂದ ಹೊರಳುವಾಗ ಚೇಂಬರಿನ ಎಣ್ಣೆಯೆಲ್ಲ ಒಂದು ಪಕ್ಕಕ್ಕೆ ನುಗ್ಗಿ, ಹೀರುವ ಕೊಳವೆಗೆ ಎಣ್ಣೆಯ ಬದಲು ಗಾಳಿ ಸಿಕ್ಕಿದರೆ, ಕ್ಷಣಮಾತ್ರದಲ್ಲಿ ಬೇರಿಂಗುಗಳು ಒಣಗಿ ಹಾಳಾಗುತ್ತವೆ. ಇದನ್ನು ತಪ್ಪಿಸಲು ಪಂದ್ಯದ ಕಾರುಗಳಲ್ಲಿಯೂ, 1963ರಿಂದ ಇಂದಿನವರೆಗೆ ರೂಪಾಂತರಗಳಲ್ಲಿ ನಡೆದುಬಂದಿರುವ ಪೋರ್ಷೆ 911ರಂಥವುಗಳ ಹಲವು ಮಾದರಿಗಳಲ್ಲಿಯೂ, ಎಣ್ಣೆಯನ್ನು ಎಂಜಿನ್ನಿನ ತಳದಲ್ಲಿ ಇರಗೊಡದೆ ಬೇರೊಂದು ತೊಟ್ಟಿಗೆ ಎಳೆದು, ಅಲ್ಲಿಂದ ಒತ್ತಡದಿಂದ ಹಂಚುತ್ತಾರೆ. ನೀರಿನ ಬದಲು ಗಾಳಿಯಿಂದ ತಣಿಯುತ್ತಿದ್ದ ಹಳೆಯ 911ರಲ್ಲಿ ತಾಪವನ್ನು ಹೊರಸಾಗಿಸುವ ಭಾರದ ಬಹುಭಾಗವೂ ಎಣ್ಣೆಯದೇ ಆಗಿದ್ದುದರಿಂದ, ಸಣ್ಣ ಕಾರಿಗೆ ಮೂರು ನಾಲ್ಕು ಲೀಟರು ಸಾಲುವಲ್ಲಿ ಅದಕ್ಕೆ ಹತ್ತು ಲೀಟರಿಗೂ ಮಿಗಿಲಾಗಿ ಬೇಕಾಗುತ್ತಿದ್ದಿತು. ಅದರ ಮಟ್ಟವನ್ನು ನೋಡಬೇಕಾದುದೂ ಎಂಜಿನ್ನು ಕಾದು ನಡೆಯುತ್ತಿರುವಾಗಲೇ. ನಮ್ಮ ಗಾಡಿಗಳಲ್ಲಿ ಎಂಜಿನ್ನು ನಿಲ್ಲಿಸಿ, ಕೆಲವು ನಿಮಿಷ ತಾಳಿ, ಸಮತಲದಲ್ಲಿ ನೋಡುವುದು ವಿಧಿ. ಈಚಿನ ಅನೇಕ ಕಾರುಗಳಲ್ಲಿ ಗೇಜ್ ಕಡ್ಡಿಯೇ ಇಲ್ಲ. ಪರದೆಯ ಮೇಲೆ ಮೂಡುವ ಚಿತ್ರವನ್ನು ನಂಬಬೇಕು. ಈ ಪ್ರಗತಿಯನ್ನು ನಾನಂತೂ ಮೆಚ್ಚಲಾರೆನು. ಬಟ್ಟೆಯಲ್ಲಿ ಒರಸಿ, ಅದ್ದಿ, ಎತ್ತಿ, ಬೆರಳಿನಲ್ಲಿ ಉಜ್ಜಿ ನೋಡುವ ಕಡ್ಡಿಗೆ ಸಮನಾದುದು ಇನ್ನೂ ಹುಟ್ಟಿಲ್ಲ.

ಆದರೆ ಈ ಪತ್ರಕ್ಕೆ ಕಾರಣವಾದುದು ಕಾರಿನ ರಚನೆಯಲ್ಲ, ಕೆಲಸ ಮುಗಿದ ಮೇಲೆ ನಡೆದ ಮಾತು. ಬೋಗುಣಿಯ ತುಂಬ ನಿಂತಿದ್ದ ಕರಿಯೆಣ್ಣೆಯನ್ನು ತೋರಿಸಿ, ಮನೆಯ ಹಿರಿಯರೊಬ್ಬರು, ‘ಆ ಮೂಲೆಯ ಮರದ ಪಾತಿಗೆ ಸುರಿದುಬಿಡು ಮಗ, ಗೆದ್ದಲಾದರೂ ಸಾಯಲಿ’ ಎಂದರು. ಅವನು, ‘ಇಲ್ಲ ತಾತ, ಇದನ್ನು ನಾನು ವಾಪಸು ತೆಗೆದುಕೊಂಡು ಹೋಗಬೇಕು’ ಎಂದು, ಹೊಸ ಆಯಿಲಿನ ಖಾಲಿ ಕ್ಯಾನುಗಳಿಗೇ ಅದನ್ನು ಆಲಿಕೆಯಿಟ್ಟು ತುಂಬಿ, ಮುಚ್ಚಳ ಬಿಗಿದು, ಹಳೆಯ ಫಿಲ್ಟರನ್ನೂ ಬೋರಲು ಹಾಕಿ ಬಸಿದು ಚೀಲಕ್ಕೆ ಸೇರಿಸಿ, ಬೆಂಗಳೂರಿಗೆ ಹೊತ್ತನು. ‘ಕೊಳಕೆಣ್ಣೆಗೂ ಕಾರಿನಲ್ಲಿ ಸವಾರಿ’ ಎಂದು ಅಂದು ನಕ್ಕವರಲ್ಲಿ ನಿಮ್ಮ ದನಿಗಳೂ ಇದ್ದುವು.

ಮಿತ್ರರೇ, ಆಯಿಲು ಬದಲಿಸುವುದು ಅರ್ಧ ಕೆಲಸ. ಇಳಿಸಿದ ಆಯಿಲಿಗೆ ಗತಿ ಕಾಣಿಸುವುದು ಮಿಕ್ಕರ್ಧ. ಮೊದಲರ್ಧದಲ್ಲಿ ನೀವು ಪ್ರವೀಣರು. ಮಿಕ್ಕರ್ಧವನ್ನು ಮಾಡದೆಯೇ ಬಿಡುತ್ತಿದ್ದೀರಿ. ಗ್ಯಾರೇಜಿಗೆ ಹೋಗುತ್ತಿದ್ದಾಗ ಅದು ಅಲ್ಲಿಯ ಪೀಪಾಯಿಗೆ ಬೀಳುತ್ತಿದ್ದಿತು. ಈಗ ಟಿಲ್ಲರೊಂದರಿಂದ ಎರಡು ಮೂರು ಲೀಟರು, ಟ್ರ್ಯಾಕ್ಟರೊಂದರಿಂದ ಆರೇಳು ಲೀಟರು, ಬೈಕೊಂದರಿಂದ ಲೀಟರಿನಷ್ಟು, ಪ್ರತಿಯೊಂದು ಅಂಗಳದಿಂದಲೂ ನೇರವಾಗಿ ನೆಲಕ್ಕೆ ಇಳಿಯುತ್ತಿದೆ.

ಎಲ್ಲೆಲ್ಲಿಗೆ ಇಳಿಯುತ್ತಿದೆಯೆಂಬುದನ್ನು ನಾನು ಕಣ್ಣಾರೆ ಕಂಡಂತೆ ಹೇಳುತ್ತೇನೆ. ಗೆದ್ದಲಿನ ಹೆಸರಿನಲ್ಲಿ ತೆಂಗಿನ ಪಾತಿಗೆ ಸುರಿಯುವವರು ಅನೇಕರು. ತೆಂಗಿಗೆ ತಾಯಿಬೇರೆಂಬುದಿಲ್ಲ, ಬುಡದ ಗೆಡ್ಡೆಯಿಂದ ಸಾವಿರಾರು ಬೇರುಗಳು ಹೊರಟು, ಅವುಗಳಲ್ಲಿ ಹೆಚ್ಚಿನವು ಬೊಡ್ಡೆಯಿಂದ ಎರಡು ಮೀಟರಿನೊಳಗೇ ಹರಡಿಕೊಂಡು ಆಹಾರ ಹೀರುತ್ತವೆ. ಗೊಬ್ಬರವನ್ನು ಆ ಎರಡು ಮೀಟರಿನ ವೃತ್ತದಲ್ಲಿ ಹಾಕಬೇಕೆಂದು, 1916ರಲ್ಲಿ ಕಾಸರಗೋಡಿನಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರದ ಪರಂಪರೆಯವರು ಹೇಳುತ್ತ ಬಂದಿರುವುದೂ, ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ನಾವು ಕೇಳುತ್ತಿರುವುದೂ ಇದೇ ಕಾರಣದಿಂದ. ಅದೇ ವೃತ್ತದೊಳಕ್ಕೆ ಎಣ್ಣೆಯನ್ನು ಸುರಿದರೆ ಮಣ್ಣಿನ ಸಂದುಗಳು ಮುಚ್ಚಿ ಗಾಳಿಯೂ ನೀರೂ ಬೇರಿಗೆ ಸೇರದಂತಾಗುತ್ತದೆ. ಗೆದ್ದಲು ಸಾಯುವುದೋ ಬಿಡುವುದೋ, ಎರೆಹುಳುವಂತೂ ಉಳಿಯದು.

ಕಾಂಡ ಸೋರುವ ರೋಗದ ಗಾಯಕ್ಕೆ ಹಳೆಯ ಆಯಿಲನ್ನು ಸವರುವವರೂ ಇದ್ದಾರೆ. ಕೊಳೆತ ಭಾಗವನ್ನು ಉಳಿಯಿಂದ ಕೆತ್ತಿ ತೆಗೆದು ಬೋರ್ಡೋ ಮುಲಾಮು ಹಚ್ಚದೆ, ಮೇಲೆ ಕರಿ ಬಳಿದು ಮುಚ್ಚಿದರೆ ಒಳಗೆ ರೋಗ ತನ್ನ ಕೆಲಸವನ್ನು ನಿರಾತಂಕವಾಗಿ ನಡೆಸುತ್ತದೆ. ಮಾವು ಹಲಸುಗಳಂತೆ ಗಾಯವನ್ನು ಹೊಸ ತೊಗಟೆಯಿಂದ ಮುಚ್ಚಿಕೊಳ್ಳುವ ಶಕ್ತಿ ತೆಂಗಿನ ಕಾಂಡಕ್ಕಿಲ್ಲ. ಬೇಲಿಯ ಗೂಟಗಳಿಗೆ ಬಳಿಯುವುದು, ಮಟ್ಟೆಯನ್ನು ಅದರಲ್ಲಿ ನೆನೆಸಿ ನೀರು ಕಾಯಿಸುವ ಒಲೆಗೆ ಹಾಕುವುದು, ಧೂಳು ಅಡಗಲೆಂದು ಕಣಕ್ಕೆ ಚಿಮುಕಿಸುವುದು: ಇವೆಲ್ಲ ಮಿತವ್ಯಯವೆಂಬ ಭಾವನೆಯಿಂದಲೇ ನಡೆಯುತ್ತಿವೆ. ಆದರೆ ಕಣವನ್ನು ನೆನೆದುಕೊಳ್ಳಿರಿ. ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಕಾದು, ಒಳಗೆ ನೀರಾರಿ, ಅಲುಗಿಸಿದರೆ ಗುಡುಗುಡು ಎನ್ನುವವರೆಗೆ ತಾಳ್ಮೆಯಿಂದ ಒಣಗಿಸಿದ ಕಾಯನ್ನು ಸುಲಿದು, ಕರಟವನ್ನು ಒಡೆದು, ಉಂಡೆ ಕೊಬ್ಬರಿಯನ್ನು ರಾಶಿ ಹಾಕುವುದು ಅದೇ ಕಣದಲ್ಲಿ ಅಲ್ಲವೆ? ಕೊಬ್ಬು ತುಂಬಿದ ಪದಾರ್ಥವು ನೆರೆಯ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಉತ್ತರ ದೇಶದಲ್ಲಿ ದೇವರ ಮುಂದೆ ಇಡಲೆಂದು ಕೊಳ್ಳುವ ಕೊಬ್ಬರಿಯನ್ನು ನಾವು ಡೀಸೆಲ್ ಮಸಿಯ ನೆಲದಲ್ಲಿ ಉರುಳಿಸಿ ಕಳಿಸಬಹುದೆ? ತಿಪಟೂರಿನ ಹೆಸರು ಬೆಳೆದದ್ದು ಆ ಉಂಡೆಯ ಶುಭ್ರತೆಯ ಮೇಲೆ.

ಅತ್ಯಂತ ಶೋಚನೀಯವಾದುದು ಬತ್ತಿದ ತೆರೆದ ಬಾವಿಗಳ ಅವಸ್ಥೆ. ಕೊಳವೆಬಾವಿಗಳು ನೆಲದಾಳಕ್ಕೆ ಇಳಿದ ಮೇಲೆ ನಿರುಪಯುಕ್ತವಾದ ಈ ಬಾವಿಗಳು ಊರಿನ ಕಸದ ಗುಂಡಿಗಳಾಗಿವೆ. ಕರಿಯೆಣ್ಣೆಯ ಡಬ್ಬಿಗಳೂ ಅಲ್ಲಿಗೇ ಬೀಳುತ್ತವೆ. ಮಳೆಗಾಲದಲ್ಲಿ ಹೇಮಾವತಿಯ ನಾಲೆಯ ನೀರಿಗೂ ಕೆರೆಯ ಒಸರಿಗೂ ನಾವು ಕೈಮುಗಿದು ಕಾಯುವುದು, ಆ ನೀರು ನೆಲಕ್ಕೆ ಇಂಗಲೆಂದು. ಇಂಗುವ ದಾರಿಯ ಬಾಯಿಗೇ ವಿಷವನ್ನು ಸುರಿದರೆ ಏನಾದೀತು? ಒಂದು ಸಲದ ಆಯಿಲು ಬದಲಾವಣೆಯಲ್ಲಿ ಹೊರಬರುವ ಎಣ್ಣೆಯು ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಅದು ಮೂವತ್ತೇಳು ಲಕ್ಷ ಲೀಟರಿಗೂ ಹೆಚ್ಚು. ಬಳಸಿದ ಎಣ್ಣೆ ಹೊಸ ಎಣ್ಣೆಯಂತಲ್ಲ. ಉರಿಯ ಕುಲುಮೆಯಲ್ಲಿ ಹುಟ್ಟಿದ, ಕ್ಯಾನ್ಸರಿಗೆ ಕಾರಣವಾಗಬಲ್ಲ ಇಂಗಾಲದ ಸಂಯುಕ್ತಗಳು ಅದರಲ್ಲಿ ಕೂಡಿಕೊಂಡಿರುತ್ತವೆ. ಆದ್ದರಿಂದ ಅದನ್ನು ಬರಿಗೈಯಲ್ಲಿ ಕಲಸುವುದೂ ಸಲ್ಲದು; ರಬ್ಬರಿನ ಕೈಗವಸು ತೊಡಿರಿ, ಒರಸಿದ ಬನಿಯನ್ ವೇಸ್ಟನ್ನು ದನಗಳ ಬಾಯಿಗೆ ಸಿಕ್ಕದಂತೆ ಇಡಿರಿ.

ಕಾನೂನಿನ ಮಾತನ್ನು ಬೆದರಿಕೆಗಾಗಿ ಎತ್ತುತ್ತಿಲ್ಲ; ತಿಳಿದಿರಲಿ ಎಂದಷ್ಟೆ. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಬಳಸಿದ ಎಣ್ಣೆಯನ್ನು ತಮ್ಮ ವ್ಯಾಪ್ತಿಯೊಳಗೆ ತಂದಿವೆ. 2023ರ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಎಣ್ಣೆಯನ್ನು ತಯಾರಿಸಿ ಮಾರುವವರ ಮೇಲೆಯೇ ಬಳಸಿದ ಎಣ್ಣೆಯ ಮರುಸಂಸ್ಕರಣದ ಹೊಣೆಯನ್ನು ಹೊರಿಸಿದೆ. ಮರುಸಂಸ್ಕರಣವೆಂದರೆ ಮಾಯವಲ್ಲ: ನೀರನ್ನೂ ಇಂಧನವನ್ನೂ ಕಾಯಿಸಿ ಹಾರಿಸಿ, ಗಸಿಯನ್ನು ಬೇರ್ಪಡಿಸಿ, ನಿರ್ವಾತದಲ್ಲಿ ಭಟ್ಟಿಯಿಳಿಸಿದರೆ ಮೂಲತೈಲ ಮರಳಿ ಸಿಕ್ಕುತ್ತದೆ, ಆ ಮೂಲತೈಲ ಸವೆಯುವುದಿಲ್ಲ, ಮಲಿನವಾಗುತ್ತದೆ ಅಷ್ಟೆ. ಹೀಗಿರುವಾಗ ನಾವು ಅದನ್ನು ನೆಲಕ್ಕೆ ಚೆಲ್ಲುವುದು ನಷ್ಟವೂ ಹೌದು. ಆದರೆ ಗುಜರಿಯವನು ಬಾಗಿಲಿಗೆ ಬಂದು ಲೀಟರಿಗೆ ಇಷ್ಟೆಂದು ಕೊಳ್ಳುತ್ತಾನಲ್ಲ ಎನ್ನುವಿರಿ. ಅವನು ಅದನ್ನು ಎಲ್ಲಿಗೆ ಒಯ್ಯುತ್ತಾನೆಂದು ಒಮ್ಮೆ ಕೇಳಿ ನೋಡಿರಿ. ಮಣ್ಣಿನಲ್ಲಿ ಸೋಸಿ ಬಣ್ಣ ತಿಳಿಮಾಡಿದ ಎಣ್ಣೆಯು ಹೆಸರಾಂತ ಕಂಪೆನಿಯ ಖಾಲಿ ಡಬ್ಬಿಯೊಳಗೆ ಕೂತು ನಮ್ಮ ಟಿಲ್ಲರಿಗೇ ಹಿಂದಿರುಗಿ ಬರುವ ಸಂಭವವುಂಟು. ಆದಕಾರಣ ಖಾಲಿ ಡಬ್ಬಿಯನ್ನು ಗುಜರಿಗೆ ಹಾಕುವ ಮುನ್ನ ಚಾಕುವಿನಿಂದ ಸೀಳಿಬಿಡುವುದು ಒಳ್ಳೆಯದು.

ಹಾಗಾದರೆ ಮಾಡಬೇಕಾದುದೇನು? ಆ ತರುಣನಂತೆ ಪ್ರತಿಯೊಬ್ಬರೂ ಬೆಂಗಳೂರಿಗೆ ಹೊರಲಾರರು. ಎರಡು ಲೀಟರು ಕರಿಯೆಣ್ಣೆಗಾಗಿ ತಿಪಟೂರಿನವರೆಗೆ ಹೋಗಿಬನ್ನಿರೆಂದರೂ ನೀವು ಹೋಗಲಾರಿರಿ, ಹೋಗಬೇಕೆಂದು ಹೇಳುವುದೂ ನ್ಯಾಯವಲ್ಲ. ನನಗೆ ತೋರುವ ಉಪಾಯವಿದು: ಒಣಕಸವನ್ನು ವಿಂಗಡಿಸಲು ಪಂಚಾಯಿತಿಗಳು ನಡೆಸುವ ಘಟಕದಲ್ಲಿ, ಮಳೆ ಬೀಳದ ಸೂರಿನಡಿ, ಸಿಮೆಂಟಿನ ಕಟ್ಟೆಯ ಮೇಲೆ, ಬೀಗವಿರುವ ಒಂದು ಪೀಪಾಯಿಯನ್ನು ಇರಿಸುವುದು, ವಾರಕ್ಕೊಂದು ದಿನ, ಸಂತೆಯ ಹೊತ್ತಿನಲ್ಲಿ, ಅದರ ಬಾಯಿ ತೆರೆದಿರುವುದು, ತುಂಬಿದಾಗ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕಾರ ಪಡೆದ ಸಂಗ್ರಾಹಕರನ್ನೇ ಕರೆಸಿ ಒಪ್ಪಿಸಿ ರಸೀತಿ ಪಡೆಯುವುದು. ಇದಕ್ಕೆ ಯಾವ ಯಾವ ಅನುಮತಿ ಬೇಕೆಂಬುದನ್ನು ಮಂಡಳಿಯ ತುಮಕೂರು ಕಚೇರಿಯಲ್ಲಿ ವಿಚಾರಿಸುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ; ಕಚೇರಿಗಳ ಬೆಂಚುಗಳ ಮೇಲೆ ಕಾಯುವ ಅಭ್ಯಾಸ ನನಗೆ ನಿಮಗಿಂತ ಹೆಚ್ಚಾಗಿದೆ. ನಿಮ್ಮ ಭಾಗಕ್ಕೆ ಉಳಿಯುವುದು ಒಂದೇ ನಿಯಮ: ಆ ಪೀಪಾಯಿಗೆ ಎಂಜಿನ್ನಿನ ಮತ್ತು ಗೇರಿನ ಎಣ್ಣೆಯ ಹೊರತು ಬೇರೇನನ್ನೂ ಸೇರಿಸಬಾರದು. ಬ್ರೇಕ್ ಆಯಿಲು, ರೇಡಿಯೇಟರಿನ ನೀರು, ಬಣ್ಣದ ಥಿನ್ನರು, ಸಿಂಪರಣೆಯ ಔಷಧದ ಉಳಿಕೆ, ಇವುಗಳಲ್ಲಿ ಯಾವುದು ಬೆರೆತರೂ ಇಡೀ ಪೀಪಾಯಿ ಮರುಸಂಸ್ಕರಣಕ್ಕೆ ಅಯೋಗ್ಯವಾಗುತ್ತದೆ. ಹಳೆಯ ಫಿಲ್ಟರುಗಳಿಗೆ ಪಕ್ಕದಲ್ಲಿಯೇ ಬೇರೊಂದು ತಗಡಿನ ಡಬ್ಬ ಇರಲಿ. ಒಂದು ರಾತ್ರಿ ಬೋರಲು ಹಾಕಿ ಬಸಿದ ಮೇಲೆ ಅದಕ್ಕೆ ಹಾಕಿರಿ.

ಪಂಚಾಯಿತಿಗೆ ಕೊಡಬೇಕಾದ ಅರ್ಜಿಯ ಕರಡನ್ನು ಬರೆದಿಟ್ಟಿದ್ದೇನೆ. ಒಬ್ಬ ಮುದುಕನ ಸಹಿಯಿಂದ ಅದು ಕಡತ ಸೇರುತ್ತದೆ. ಟಿಲ್ಲರ್ ಟ್ರ್ಯಾಕ್ಟರುಗಳ ಯಜಮಾನರಾದ ನಿಮ್ಮ ಸಹಿಗಳಿದ್ದರೆ ಗ್ರಾಮಸಭೆಯಲ್ಲಿ ಓದಲ್ಪಡುತ್ತದೆ. ಮುಂದಿನ ಸಭೆಗೆ ಮೊದಲು, ಸಾಯಂಕಾಲ ಹಾಲು ಹಾಕುವ ಹೊತ್ತಿನಲ್ಲಿ ಡೈರಿಯ ಜಗಲಿಯ ಮೇಲೆ ಕರಡನ್ನು ಹಿಡಿದು ನಾನು ಕುಳಿತಿರುತ್ತೇನೆ. ಓದಿ, ತಿದ್ದುವುದಿದ್ದರೆ ತಿದ್ದಿ, ಸಹಿ ಮಾಡಿರಿ. ಪೀಪಾಯಿಯನ್ನು ನಾನು ಕೊಡುತ್ತೇನೆ. ಹಿಂದೆ ಬಾವಿಯ ಎಂಜಿನ್ನಿಗೆ ಡೀಸೆಲ್ ತುಂಬಿಡುತ್ತಿದ್ದುದು, ಎಲ್ಲಿಯೂ ತೂತಿಲ್ಲ. ಅದರ ಬಾಯಿಗೆ ಜಾಲರಿಯಿರುವ ದೊಡ್ಡ ಆಲಿಕೆಯೊಂದು ಬೇಕು. ನಿಮ್ಮಲ್ಲಿ ವೆಲ್ಡಿಂಗ್ ಬಲ್ಲವರು ಅದನ್ನೊಂದು ಮಾಡಿಕೊಡಿರಿ, ತಗಡಿನ ಬೆಲೆಯನ್ನು ನನ್ನಿಂದ ತೆಗೆದುಕೊಳ್ಳಿರಿ.

ಇತಿ ನಿಮ್ಮ ಹಿತಾಕಾಂಕ್ಷಿ,
ದಂಡಿನಶಿವರದ ಒಬ್ಬ ತೆಂಗು ಬೆಳೆಗಾರ